ಲಾಭದ ತೊಟ್ಟಿಲು

ಕಗ್ಗಲಗಿಯ ಬಿಸಿಲು ನೋಡದವರು ಬಿಸಿಲಿನ ಮಾತು ಆಡದಿರುವುದೇ ಲೇಸು. ಡೋಣಿ ಹೊಳೆ ಸಾಲಿನ ಆ ಊರಲ್ಲಿ ವೈಶಾಖ ಬಂತೆಂದರೆ ಕಾಗೆಗಳು ನಡೆದುಕೊಂಡು ಹೋಗುತ್ತಿದ್ದವು. ಹಾರಿದರೆ ಸೂರ್ಯನಿಗೆ ಇನ್ನೊಂದು ಗೇಣು ಹತ್ತಿರವಾಗುತ್ತೇವೆಂಬ ಭಯ ಅವಕ್ಕೆ. ಕೋಳಿಯ ಮೊಟ್ಟೆ ನೆಲ ಮುಟ್ಟುವಷ್ಟರಲ್ಲಿ ಬೆಂದಿರುತ್ತಿತ್ತು; ಸುಲಿದು ಉಪ್ಪು ಹಚ್ಚಿಕೊಳ್ಳುವುದಷ್ಟೇ ಬಾಕಿ. ಇದೆಲ್ಲ ತುಸು ಹೆಚ್ಚಾಯಿತು ಅನಿಸಿದರೆ ಅರ್ಧಕ್ಕೆ ಇಳಿಸಿಕೊಳ್ಳಿ. ಆದರೆ ಮಧ್ಯಾಹ್ನ ಬಯಲಲ್ಲಿ ಸಿಕ್ಕಿಕೊಂಡ ಮನುಷ್ಯ ಸಾಯುತ್ತಿದ್ದ ಎಂಬ ಮಾತನ್ನು ಮಾತ್ರ ಕೂದಲಷ್ಟೂ ಇಳಿಸಲಾಗದು. ಹಾಗೆ ಸತ್ತವರ ಮನೆ ಪ್ರತಿ ಓಣಿಯಲ್ಲೂ ಇತ್ತು.

ಆದ್ದರಿಂದ ಬಿಸಿಲೇರಿದೊಡನೆ ಊರಿಗೆ ಊರೇ ಬಾವಿಗೆ ಇಳಿಯುತ್ತಿತ್ತು.

ತಂಪುಬಾವಿ ಎಂದು ಅದರ ಹೆಸರು. ಬೆಳಿಗ್ಗೆ ಕಲ್ಲು ಒಗೆದವನು ಮನೆಗೆ ಹೋಗಿ ರೊಟ್ಟಿ ತಿಂದು, ಒಂದು ನಿದ್ದೆ ಹೊಡೆದು, ಸಂಜೆ ಬಂದು ಕಿವಿಗೊಟ್ಟರೆ ಆಗ 'ಗುಳುಂ' ಎನ್ನುವುದು ಕೇಳಬೇಕು, ಅಷ್ಟು ಆಳ. ನಡುವೆ ಒಂದು ಸರಪಳಿ. ಸರಪಳಿಗೆ ಮಣಿ ಪೋಣಿಸಿದಂತೆ ತೊಟ್ಟಿಲುಗಳು. ಮನೆಗೊಂದು ತೊಟ್ಟಿಲು, ತೊಟ್ಟಿಲಿಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೊಂದು ನಂಬರು. ಆಳದ ಬಾವಿಯಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತು. ಅದಕ್ಕೇ ತೊಟ್ಟಿಲಿಗೆ ಬಿಗಿಯಾದ ಮುಚ್ಚಳ, ಮೇಲಿನ ಒಳ್ಳೆಯ ಗಾಳಿ ಎಳೆಯುವ ಕೊಳವೆ, ಕೊಳವೆಯ ಬಾಯಿಗೊಂದು ತಿರುಗುವ ಪಂಕ. ಬಿಸಿಲು ಇಳಿದ ಮೇಲೆ ಸರಪಳಿ ಪೂರ್ತಿ ಮೇಲಕ್ಕೆ ಸುತ್ತಿಕೊಳ್ಳುತ್ತಿತ್ತು. ನಡುವೆಯೇ ಯಾರಿಗಾದರೂ ಹೆರಿಗೆ ನೋವೋ ಎದೆನೋವೋ ಬಂದರೆ, ಉಕ್ಕಿನ ಕೊಕ್ಕೆಯೊಂದು ಇಳಿದು ಆ ಒಂದೇ ತೊಟ್ಟಿಲನ್ನು ಸರಪಳಿಯಿಂದ ಬಿಡಿಸಿ ಮೇಲೆ ತರುತ್ತಿತ್ತು. ಅದರ ಕೆಳಗಿನವು ಒಂದೊಂದು ಮೆಟ್ಟಿಲು ಮೇಲೆ ಸರಿದು ಖಾಲಿ ಜಾಗ ತುಂಬಿಕೊಳ್ಳುತ್ತಿದ್ದವು.

ಸರಪಳಿಯ ಮೇಲ್ತುದಿಯಲ್ಲಿ ಮಾತ್ರ ಒಂದು ಖಾಲಿ ತೊಟ್ಟಿಲು. ಅದಕ್ಕೆ ಬಿಲ್ಲೆಯಿಲ್ಲ, ಯಾರೂ ಹತ್ತುವುದಿಲ್ಲ. ಅದನ್ನು ಲಾಭ ಎನ್ನುತ್ತಿದ್ದರು. ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನುವುದು ಆ ಕಡೆಯ ರೂಢಿ. ಮೊಟ್ಟಮೊದಲ ದಿನ ತೊಟ್ಟಿಲು ಪೋಣಿಸಿದವರೂ ಕಣದ ಜನವೇ; ಬಾಯಿತುಂಬ "ಲಾಭಾ..." ಎಂದು ಕೂಗಿ ಮೊದಲನೆಯದನ್ನು ಕಟ್ಟಿದರು. ಮುಂದಿನದು ದೇಸಾಯರದು. "ಎರಡು" ಎಂದು ಬಾಯಿ ತೆರೆಯುವಷ್ಟರಲ್ಲಿ ದೇಸಾಯರ ಮೀಸೆ ನೆಟ್ಟಗಾಯಿತು. "ನಮ್ಮ ಮನಿತನಕ್ಕ ಎರಡನೇ ನಂಬರ? ಬಾವೀನ ಮುಚ್ಚಸ್ತೀನಿ!" ಎಂದರು. ಹೀಗೆ ಲಾಭ ಬಾವಿಯ ದೇವತೆ ಗಂಗವ್ವನ ಪಾಲಿಗೆ ಖಾಲಿ ಉಳಿಯಿತು, ದೇಸಾಯರು ಒಂದಾದರು, ಉಳಿದವರು ಅವರ ಹಿಂದೆ ಸಾಲು ಹಿಡಿದರು.

ಈ ಬಾವಿಯ ಯಂತ್ರಕ್ಕೆ ಬುದ್ಧಿ ಹೇಳುವ ಇಂಜಿನಿಯರು ದಾನಮ್ಮ ಹೂಗಾರ. ಅವಳು ಕಣ್ಣು ಕೆಂಪಗೆ ಮಾಡಿದರೆ ಕೆಟ್ಟ ಪ್ರೋಗ್ರಾಮು ತಾನೇ ತಿದ್ದಿಕೊಂಡು ಕೈಕಟ್ಟಿ ನಿಲ್ಲುತ್ತದೆಂದು ಊರಿನವರು ಸೊಲ್ಲಾಪುರದ ತನಕ ಸಾರಿಕೊಂಡು ಬಂದಿದ್ದರು. ಮೂರು ಲೋಕದಲ್ಲಿ ಈ ಮಾತು ನಂಬದಿದ್ದ ಜೀವ ಒಂದೇ: ಅವಳ ಅತ್ತೆ ಗುರುಬಸವ್ವ.

ಲಾಭದ ತೊಟ್ಟಿಲನ್ನು ದಾನಮ್ಮ ಬಿಚ್ಚಿಸಿದ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು. ಪಕ್ಕದ ಓಣಿಯವರು ಗುಡುಗೆಂದು ಬಗೆದು ಹೊರಗೆ ಹಾಕಿದ ಸಂಡಿಗೆ ತೆಗೆದರಂತೆ.

"ಲಾಭ ಬಿಚ್ಚಿದ್ಯಂತ?" ಎಂದಳು ಗುರುಬಸವ್ವ, ಹಂಚಿನ ಕಡೆ ನೋಡುತ್ತಲೇ.

"ಬಿಚ್ಚಿಸೀನ್ರಿ ಅತ್ತಿ. ಭೀಮಾ ದಂಡಿಯಿಂದ ಬಂದಾಳಲ್ಲ ಲಕ್ಕವ್ವ, ದಿನ ತುಂಬಿದ ಬಸರಿ. ಆಕೀ ಮನಿಯವರಿಗೆ ತೊಟ್ಟಲಾ ಇಲ್ಲ. ಹಸಿ ಗೋಣಿ ಹೊತಗೊಂಡು ತಗಡಿನ ಶೆಡ್ಡಿನ್ಯಾಗ ಕುಂದರತಾಳ. ಇತ್ತಾಗ ಒಂದು ತೊಟ್ಟಲಾ ಖಾಲಿ ತೂಗಾಡತದ."

"ಖಾಲಿ ಅಂತ ಯಾರ ಹೇಳಿದ್ರು? ಗಂಗವ್ವ ಕುಂತಿರತಾಳ."

"ಗಂಗವ್ವ ಬಾವಿ ತುಂಬ ಅದಾಳ್ರಿ. ಆಕಿಗ್ಯಾಕ ತೊಟ್ಟಲಾ?"

"ನಿನಗೂ ಮನಿ ತುಂಬ ಜಾಗಾ ಅದ. ಮಂಚ ಯಾಕ ಬೇಕು?"

ಗುರುಬಸವ್ವ ರೊಟ್ಟಿ ತಿರುವಿ ಹಾಕಿದಳು.

"ಬಸರಿಗೆ ಕೊಡಬ್ಯಾಡ ಅನ್ನಾಕತ್ತಿಲ್ಲ ನಾ. ಬೇಕಾದ್ರ ನಂದ ಕೊಡು. ಲಾಭ ಮುಟ್ಟಬ್ಯಾಡ ಅಂತೀನಿ."

"ನಿಮ್ದು ಕೊಟ್ಟು ನೀವೆಲ್ಲಿ ಕುಂದರತೀರಿ?"

"ನಿನ್ನ ತಲಿ ಮ್ಯಾಲ. ಹೆಂಗೂ ಅಲ್ಲೇ ಕುಂತೀನಿ ಅಂತ ಊರ ತುಂಬ ಹೇಳಕೊಂತ ತಿರಗತೀಯಲ್ಲ."

ದಾನಮ್ಮ ನಕ್ಕಳು. ಲಾಭಕ್ಕೆ ಅರವತ್ತೊಂದನೇ ಬಿಲ್ಲೆ ಹಚ್ಚಿ, ಸರಪಳಿಯ ಕೆಳತುದಿಗೆ ಕಟ್ಟಿಸಿ, ಲಕ್ಕವ್ವನನ್ನೂ ಅವಳ ಗಂಡನನ್ನೂ ಅದರಲ್ಲಿ ಕೂರಿಸಿದ್ದಾಗಿತ್ತು. ಮುಂದೆ ದಿನಗಳು ಸರಿದವು. ಸರಪಳಿ ಇಳಿಯಿತು, ಏರಿತು. ಯಾರ ಕೂದಲೂ ಕೊಂಕಲಿಲ್ಲ. "ನೋಡ್ರಿ, ಗಂಗವ್ವ ಸಿಟ್ಟಾಗಲಿಲ್ಲ" ಎಂದು ಸೊಸೆ ಒಮ್ಮೆ ಅಂದೂ ಬಿಟ್ಟಳು. ನಡುವೆ ಒಂಟಿ ತೊಟ್ಟಿಲು ಎತ್ತುವ ಪ್ರಸಂಗ ಆ ದಿನಗಳಲ್ಲಿ ಬಂದೇ ಇರಲಿಲ್ಲ ಎಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ.

ಅತ್ತ ಬಾವಿಯ ದಂಡೆಯ ಮೇಲಿನ ಕಂಟ್ರೋಲ್ ರೂಮಿಗೆ ಪಾವಟೆ ಸಾಹೇಬರು ಹೊಸ ಕನ್ಸೋಲು ತರಿಸಿ ಕೂರಿಸಿದ್ದರು. ಬಾವಿಗೆ ಅವರೇ ಮೇಲಧಿಕಾರಿ. ಹಳೆಯ ಕನ್ಸೋಲಿಗೆ ಗುಂಡಿ ಒತ್ತಿದರೆ 'ಟಕ್' ಎನ್ನುವಷ್ಟು ಹೊತ್ತು ಹಿಡಿಯುತ್ತಿತ್ತು. ಹೊಸದಕ್ಕೆ 'ಟ' ಎನ್ನುವಷ್ಟೂ ಇಲ್ಲ. ಉಳಿದ ಆ 'ಕ್' ಬಗ್ಗೆ ಸಾಹೇಬರು ಜಿಲ್ಲೆಯ ತುಂಬ ಭಾಷಣ ಮಾಡಿ ಬಂದಿದ್ದರು.

"ಆ ಉಳಿದ ಹೊತ್ತಿನ್ಯಾಗ ಏನ್ ಮಾಡೂದ್ರಿ ಸಾಹೇಬ್ರ?" ಎಂದು ಕೊಕ್ಕೆ ನಡೆಸುವ ಮೆಹಬೂಬ ಬಾಗವಾನ ಕೇಳಿದ್ದ. "ಕೂಡಿಟ್ಟು ದೀಪಾವಳಿಗೆ ಒಮ್ಮೆಲೇ ರಜಾ ಕೊಡತೀರೇನ?"

ಒಂದು ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಇದ್ದವರು ಸಾಹೇಬರು, ಮೆಹಬೂಬ, ದಾನಮ್ಮ ಈ ಮೂವರೇ. ಹೊರಗೆ ಬಿಸಿಲು ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿತ್ತು. ತೊಟ್ಟಿಲುಗಳಿಂದ ಬರುವ ಫೋನಿನ ಸಾಲಿನಲ್ಲಿ ಇಪ್ಪತ್ತನಾಲ್ಕರ ದೀಪ ಹೊತ್ತಿಕೊಂಡಿತು. ಅದು ದಾನಮ್ಮನ ಮನೆಯ ತೊಟ್ಟಿಲು. ಗಂಡ ಮೆಣಸಿನಕಾಯಿ ಮಾರಲು ಸೊಲ್ಲಾಪುರಕ್ಕೆ ಹೋಗಿದ್ದ. ಒಳಗಿದ್ದವಳು ಗುರುಬಸವ್ವ ಒಬ್ಬಳೇ.

"ಏ ದಾನವ್ವ, ಕೆಲಸದಾಗ ಅದೀಯೇನ?"

"ಹೇಳ್ರಿ ಅತ್ತಿ."

"ಏನಿಲ್ಲ. ಪಂಕ ನಿಂತದ."

ದಾನಮ್ಮ ಕುರ್ಚಿಯಿಂದ ಎದ್ದಳು. "ಯಾವಾಗ?"

"ಆತು ಬಾಳ ಹೊತ್ತ. ನೀ ಸಾಹೇಬರ ಮುಂದ ದೊಡ್ಡಾಕಿ ಆಗಿ ಕುಂತಿರತಿ, ಯಾಕ ತ್ರಾಸ ಕೊಡೂದಂತ..."

"ಪಂಕ ಹೆಂಗ ನಿಂತದ? ಸದ್ದೇನರ ಬಂತೇನ್ರಿ?"

"ಸೀರಿ ತೋಯಿಸಿ ಅದರ ಮುಂದ ಹಾಕಿದ್ದೆ, ತಂಪ ಬರಲಿ ಅಂತ. ಸೆರಗ ಎಳಕೊಂಡಬಿಟ್ಟತು. ಇಳಕಲ್ ಸೀರಿ ಅದು. ಜಗ್ಗಿದ್ರ ಹರೀತದಂತ ಮೊದಲ ಜಗ್ಗಲಿಲ್ಲ."

"ಜಗ್ಗರಿ! ಹರೀಲಿ!"

"ಆಗಿನಿಂದ ಜಗ್ಗಾಕತ್ತೀನವ್ವ," ಎಂದಳು ಗುರುಬಸವ್ವ. ಆಗಲೇ ದಾನಮ್ಮನಿಗೆ ಕೇಳಿದ್ದು: ಎರಡು ಮಾತಿನ ನಡುವೆ ಒಂದು ಉಸಿರು ಬೇಕಾಗುತ್ತಿತ್ತು. "ಬರವಲ್ದು."

ಮುಚ್ಚಳ ತೆರೆಯಿರಿ ಎನ್ನುವಂತಿಲ್ಲ, ಹೊರಗೆ ಕೆಟ್ಟ ಗಾಳಿ. ಸರಪಳಿಯನ್ನೇ ಸುತ್ತೋಣವೆಂದರೆ ಅದು ಅರ್ಧ ಸಂಜೆಯ ಕೆಲಸ. ಮೇಲಿನವರೆಲ್ಲ ಒಬ್ಬೊಬ್ಬರಾಗಿ ಬಿಸಿಲಿಗೆ ಬರಬೇಕು. ಕೊಕ್ಕೆಯೊಂದೇ ದಾರಿ. ದಾನಮ್ಮ ಬಾಯಿ ತೆರೆಯುವ ಮೊದಲೇ ಮೆಹಬೂಬ ಹೊಸ ಕನ್ಸೋಲಿನ ಮೇಲೆ ಒತ್ತಿದ್ದ: ಮೇಲೆತ್ತು, ಇಪ್ಪತ್ತನಾಲ್ಕು.

ಕೊಕ್ಕೆ ಇಳಿಯಿತು. ಹಿಡಿಯಿತು. ಏರಿತು. ಬಿಸಿಲಲ್ಲಿ ಅದರ ಮೋಟಾರು ಎತ್ತಿನ ಗಾಡಿಗಿಂತ ನಿಧಾನವಾಗಿ ನರಳುತ್ತಿತ್ತು. ಕೊನೆಗೆ ಮುಚ್ಚಳ ತೆರೆದಾಗ ಒಳಗಿದ್ದವನು ಸಂಗಪ್ಪ ತೆಲಗಿ; ಬನಿಯನ್ನಿನ ಮೇಲೆ, ಕೈಯಲ್ಲಿ ಇಸ್ಪೀಟು, ಸುತ್ತ ಮೂವರು ತಮ್ಮಂದಿರು.

"ಯಾವಂವಲೇ ಅಂವ?" ಎಂದು ಸಂಗಪ್ಪ ಗರ್ಜಿಸಿದ. ಅವನ ಗರ್ಜನೆಗೆ ದಂಡೆಯ ಮೇಲಿನ ಎರಡು ಹೆಂಚು ಜಾರಿದವು. "ಜಲ್ಮದಾಗ ಮೊದಲನೇ ಸಲ ಕೈಗೆ ಚಲೋ ಎಲಿ ಬಂದಿದ್ವು!"

ಬಿಲ್ಲೆಯ ಮೇಲೆ ಇಪ್ಪತ್ತೈದು ಎಂದಿತ್ತು.

"ನಾ ಇಪ್ಪತ್ತನಾಲ್ಕ ಒತ್ತೀನ್ರಿ ಅಕ್ಕಾರ," ಎಂದ ಮೆಹಬೂಬ. ಅವನ ಬಾಯಿಯಲ್ಲಿ ತಮಾಷೆ ಒಣಗಿಹೋಗಿತ್ತು. "ಖುದಾನ ಆಣೆ."

ದಾನಮ್ಮ ಪರದೆ ನೋಡಿದಳು. ಅಲ್ಲಿಯೂ ಇಪ್ಪತ್ತನಾಲ್ಕೇ ಇತ್ತು. ತಪ್ಪು ಎಲ್ಲಿದೆಯೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು.

ಯಂತ್ರದ ಪ್ರೋಗ್ರಾಮಿನೊಳಗೆ 'ಮೇಲೆತ್ತು' ಎಂಬ ಹೆಸರಿನ ಆಳುಗಳು ಇಬ್ಬರಿದ್ದರು. ಒಬ್ಬ ಜಾಗ ನೋಡುವವ. ತುದಿಯಿಂದ ಎಣಿಸಿ ಆ ಜಾಗದಲ್ಲಿ ತೂಗುವುದನ್ನು ಎತ್ತುತ್ತಾನೆ. ಇನ್ನೊಬ್ಬ ಬಿಲ್ಲೆ ನೋಡುವವ; ಎಲ್ಲೇ ತೂಗಲಿ, ಆ ನಂಬರಿನ ಬಿಲ್ಲೆ ಹುಡುಕಿ ಎತ್ತುತ್ತಾನೆ. ಹೆಸರು ಒಂದೇ ಆದ್ದರಿಂದ ಕೂಗಿದಾಗ ಯಾರು ಓಡಿಬರಬೇಕೆಂಬುದು ಕೂಗಿದವರ ಕೈ ನೋಡಿ ತೀರ್ಮಾನವಾಗುತ್ತದೆ. ಕೈಯಲ್ಲಿ ಬರಿ ಅಂಕಿ ಇದ್ದರೆ ಜಾಗದವ ಬರುತ್ತಾನೆ. ಅದೇ ಅಂಕಿಯನ್ನು ಡಬ್ಬಿಯಲ್ಲಿಟ್ಟು ಹಿಡಿದರೆ ಅದು ಎಣಿಕೆಯಲ್ಲ, ಒಂದು ವಸ್ತು. ಆಗ ಬಿಲ್ಲೆಯವ ಬರುತ್ತಾನೆ. ಕೆಲವು ಯಂತ್ರಭಾಷೆಗಳು ಯಾರು ಬರಬೇಕೆಂದು ಪ್ರೋಗ್ರಾಮು ಬರೆಯುವಾಗಲೇ ಗೊತ್ತುಮಾಡಿಬಿಡುತ್ತವೆ. ಬಾವಿಯ ಭಾಷೆ ಹಾಗಲ್ಲ. ಕೂಗಿದ ಆ ಗಳಿಗೆಯಲ್ಲೇ ಕೈ ನೋಡಿ ಆರಿಸುವ ಜಾತಿ ಅದು.

ಹಳೆಯ ಕನ್ಸೋಲು ಪ್ರತಿ ಅಂಕಿಯನ್ನೂ ಡಬ್ಬಿಗೆ ಹಾಕಿ ಕಳಿಸುತ್ತಿತ್ತು; ಅದಕ್ಕೇ ಆ 'ಟಕ್'. ಹೊಸದು ಡಬ್ಬಿಯ ದಂಡವೇಕೆಂದು ಬರಿ ಅಂಕಿಯನ್ನೇ ಎಸೆಯುತ್ತಿತ್ತು. ಅದರಿಂದಲೂ ಏನೂ ಕೆಡುತ್ತಿರಲಿಲ್ಲ. ಯಂತ್ರ ಎಣಿಸುವುದು ಸೊನ್ನೆಯಿಂದ. ಸೊನ್ನೆಯ ಜಾಗದಲ್ಲಿ ಲಾಭ ತೂಗುತ್ತಿದ್ದಾಗ ಒಂದರ ಜಾಗಕ್ಕೆ ದೇಸಾಯರ ಒಂದು, ಇಪ್ಪತ್ತನಾಲ್ಕರ ಜಾಗಕ್ಕೆ ಇಪ್ಪತ್ತನಾಲ್ಕು ಸರಿಯಾಗಿ ಬರುತ್ತಿತ್ತು. ಇಬ್ಬರು ಆಳುಗಳಲ್ಲಿ ಯಾರು ಓಡಿದರೂ ಎತ್ತುವುದು ಅದೇ ತೊಟ್ಟಿಲು. ಕಣದ ರೂಢಿಯೊಂದು, ದೇಸಾಯರ ಮೀಸೆಯೊಂದು ಸೇರಿ ಆ ತಪ್ಪಿಗೆ ಕೌದಿ ಹೊದಿಸಿ ಮಲಗಿಸಿದ್ದವು. ಕೌದಿ ಎಳೆದವಳು ದಾನಮ್ಮ. ಈಗ ಅತ್ತೆಯ ತೊಟ್ಟಿಲು ಇಪ್ಪತ್ತಮೂರರ ಜಾಗದಲ್ಲಿತ್ತು.

"ಡಬ್ಬಿ ಹಾಕಿ ಕಳಸತೀನಿ," ಎಂದು ದಾನಮ್ಮ ಕೀಲಿಮಣೆಗೆ ಬಿದ್ದಳು. ಅವಳ ಬೆರಳು ಓಡಿದ ವೇಗಕ್ಕೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಪರದೆ ಬೆವರಿತು. ಒಂದೇ ಸಾಲು: ಅಂಕಿ ಬಂದರೆ ಮೊದಲು ಡಬ್ಬಿಗೆ ಹಾಕು. ಮೆಹಬೂಬ ಒತ್ತಿದ. ಕೊಕ್ಕೆ ಮತ್ತೆ ಇಳಿಯಿತು.

"ಅತ್ತಿ, ಮಾತಾಡಬ್ಯಾಡ್ರಿ. ಸುಮ್ಮನ ಮಕ್ಕೊಳ್ರಿ. ಕೊಕ್ಕಿ ಬರಾಕತ್ತದ."

"ನಾ ಮಾತಾಡಿದ್ರ... ನಿನಗ ಯಾವತ್ತ... ಸೇರೇದ?"

ಏರಿ ಬಂದ ತೊಟ್ಟಿಲಲ್ಲಿ ಹೊಸ ಜೋಡಿಯೊಂದು ಅಂಗೈಯಿಂದ ಮುಖ ಮುಚ್ಚಿಕೊಂಡು ಕೂತಿತ್ತು. ಮದುವೆಯ ಅರಿಶಿನ ಇನ್ನೂ ಆರಿರಲಿಲ್ಲ. ಬಿಲ್ಲೆ ಇಪ್ಪತ್ತಾರು.

ಯಾರೂ ನಗಲಿಲ್ಲ. ನೆರಳಿಗೆಂದು ರೂಮಿನೊಳಗೆ ಬಂದಿದ್ದ ಸಂಗಪ್ಪ ತೆಲಗಿಯೂ ನಗಲಿಲ್ಲ. ಅವನ ಕೈಯ ಎಲೆಗಳು ತಾವಾಗಿ ಕೆಳಗೆ ಬಿದ್ದವು.

"ಡಬ್ಬಿ ಹಾಕಿದ್ದೆ," ಎಂದಳು ದಾನಮ್ಮ, ತನಗೆ ತಾನೇ. "ದಾರ್ಯಾಗ ಬಿಚ್ಚೇದ." ಹೊಸ ಕನ್ಸೋಲಿನೊಡನೆ ಬಂದ ಒಂದು ಜಾಣ ಭಾಗ, ಇಲ್ಲಿ ಬರುವುದೆಲ್ಲ ಬರಿ ಅಂಕಿಯೇ ಎಂದು ಕಲಿತುಬಿಟ್ಟಿತ್ತು. ಎದುರಾದ ಡಬ್ಬಿಯನ್ನು ಬಿಚ್ಚಿ, ಅಂಕಿ ತೆಗೆದು, ಹೊತ್ತು ಉಳಿಸಿದೆನೆಂದು ಬೀಗಿ ಮುಂದೆ ಕಳಿಸಿತ್ತು.

"ಹಂಗಾದ್ರ ಇಪ್ಪತ್ತಮೂರ ಒತ್ತರಿ!" ಎಂದರು ಪಾವಟೆ ಸಾಹೇಬರು. ಅವರಿಗೂ ತಾಯಿಯಿದ್ದರು, ಒಂಬತ್ತರ ತೊಟ್ಟಿಲಲ್ಲಿ. "ಜಾಗಾ ನೋಡತದಂದ್ರ ಇಪ್ಪತ್ತಮೂರನೇ ಜಾಗಾದಾಗ ಅದಾರಲ್ಲ ಅವರು!"

ದಾನಮ್ಮನ ಕೈ ಗುಂಡಿಯವರೆಗೆ ಹೋಗಿ ನಿಂತಿತು.

"ಮೆಹಬೂಬಣ್ಣ, ಮೋಟಾರ ಹೆಂಗದ?"

ಮೆಹಬೂಬ ಹೊರಗೆ ಓಡಿ, ಮೋಟಾರಿನ ಮೇಲೆ ಅಂಗೈ ಇಡಲು ಹೋಗಿ, ಇಡಲಾಗದೆ ವಾಪಸು ಬಂದ. "ಇನ್ನೊಮ್ಮೆ ಎತ್ತತದರಿ ಅಕ್ಕಾರ. ಆಮ್ಯಾಲ ಕುಂದರತದ. ಸಂಜೀತನಕ ಏಳಂಗಿಲ್ಲ."

ಇನ್ನೊಮ್ಮೆ. ಒಮ್ಮೆ ಡಬ್ಬಿ ಕಂಡ ಜಾಣ ಭಾಗ, ನಾನು ಕಲಿತದ್ದು ತಪ್ಪಿರಬಹುದೆಂದು ಎಚ್ಚರವಾಗಿಯೂ ಇರಬಹುದು. ಎಚ್ಚರವಾಗಿದ್ದರೆ ಈ ಸಲ ಡಬ್ಬಿ ಬಿಚ್ಚುವುದಿಲ್ಲ. ಇಪ್ಪತ್ತಮೂರು ಒತ್ತಿದರೆ ಬಿಲ್ಲೆಯವ ಓಡಿ ಇಪ್ಪತ್ತಮೂರನೇ ಬಿಲ್ಲೆಯನ್ನೇ ತರುತ್ತಾನೆ. ಎಚ್ಚರವಾಗಿರದಿ‌ದ್ದರೆ ಜಾಗದವ ಓಡುತ್ತಾನೆ, ಅತ್ತೆ ಬರುತ್ತಾಳೆ. ತಾನು ಸೇರಿಸಿದ ಸಾಲು ತೆಗೆಯೋಣವೆಂದರೆ ಯಂತ್ರವನ್ನು ಮಲಗಿಸಿ ಎಬ್ಬಿಸಬೇಕು. ಅಷ್ಟು ಹೊತ್ತು ಅತ್ತೆಯ ಬಳಿ ಇರಲಿಲ್ಲ. ಯಂತ್ರ ಯಾರನ್ನು ಕರೆಯುತ್ತದೆ? ಅವಳಿಗೆ ಗೊತ್ತಿರಲಿಲ್ಲ. ಯಂತ್ರಗಳಿಗೆ ಬುದ್ಧಿ ಹೇಳುವವಳಿಗೆ, ಸೊಲ್ಲಾಪುರದ ತನಕ ಹೆಸರಾದವಳಿಗೆ, ಗೊತ್ತಿರಲಿಲ್ಲ.

"ಅತ್ತಿ?" ಎಂದಳು ಫೋನಿಗೆ.

ಉತ್ತರ ಬರಲಿಲ್ಲ.

"ಅತ್ತಿ! ಅತ್ತಿ, ಓ ಅನ್ರಿ!"

ತಂತಿಯ ಗುಂಯ್ ಸದ್ದು. ಬಾವಿಯ ಆಳವೆಲ್ಲ ಅದರೊಳಗೆ ಸೇರಿಕೊಂಡಂತೆ. ಸಂಗಪ್ಪ ಮುಖ ಗೋಡೆಗೆ ತಿರುಗಿಸಿದ. ಹೊಸ ಮದುಮಗಳು ಸದ್ದಿಲ್ಲದೆ ಅಳತೊಡಗಿದಳು. ಮದುವೆಯಾಗಿ ಬಂದ ದಿನದಿಂದ ದಾನಮ್ಮ ಕನಸಿನಲ್ಲೂ ಮಾಡದಿದ್ದ ಕೆಲಸವೊಂದಿತ್ತು. ಅದನ್ನು ಈಗ ಊರವರ ಮುಂದೆ, ಗಂಟಲು ಹರಿಯುವಂತೆ ಮಾಡಿದಳು.

"ಗುರುಬಸವ್ವಾ!"

ಗುಂಯ್ ಎನ್ನುವ ತಂತಿ ಕೆಮ್ಮಿತು.

"ಯಾವಾಕಿ... ಆಕಿ... ನನ್ನ ಹೆಸರ ಹಿಡದ... ಒದರಾಕಿ?"

ದಾನಮ್ಮನ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನಗು ಬಂತು, ಎರಡರ ನಡುವೆ ತಲೆಯೂ ತಿಳಿಯಾಯಿತು. ಯಂತ್ರ ಯಾರನ್ನು ಕರೆಯುತ್ತದೆಂದು ಊಹಿಸುವುದೇತಕ್ಕೆ? ಯಾರನ್ನು ಕರೆದರೂ ಅದೇ ತೊಟ್ಟಿಲು ಬರುವ ಹಾಗೆ ಬಾವಿಯನ್ನೇ ತಿದ್ದಿದರೆ?

"ಸಂಗಪ್ಪಣ್ಣ, ನಿಮ್ಮ ತೊಟ್ಟಲಾ ಖಾಲಿ ಅದಲ್ಲ?"

"ಖಾಲಿ ಅದ. ಎಲಿ ಅಷ್ಟ ಅದಾವ."

"ಎಲಿ ತಗೀರಿ. ಅದನ್ನ ಸರಪಳಿ ತುದಿಗೆ ಕಟ್ಟರಿ. ದೇಸಾಯರಕಿಂತ ಮ್ಯಾಲ. ಸರಪಳಿ ಒಂದ ಮೆಟ್ಟಲಾ ಕೆಳಗ ಇಳೀಬೇಕು."

ಮೆಹಬೂಬನಿಗೆ ತಟ್ಟನೆ ತಿಳಿಯಿತು. "ಲಾಭ!" ಎಂದು ಕೂಗಿ ಬಿಸಿಲಿಗೆ ಹಾರಿದ. ಸರಪಳಿಗೆ ಕೈಯಿಂದ ತಿರುಗಿಸುವ ಬೇರೆಯದೇ ಗಾಲಿಯಿತ್ತು. ತೆಲಗಿಯ ನಾಲ್ವರು ಅಣ್ಣತಮ್ಮಂದಿರು, ಮದುಮಗ, ಜಿಲ್ಲೆಯ ತುಂಬ ಭಾಷಣ ಮಾಡಿದ್ದ ಪಾವಟೆ ಸಾಹೇಬರು, ಎಲ್ಲರೂ ತಲೆಗೆ ಹಸಿ ಗೋಣಿ ಹೊದ್ದು ಅದಕ್ಕೆ ಜೋತುಬಿದ್ದರು. ಕಬ್ಬಿಣ ಅಂಗೈಯ ಚರ್ಮ ತಿಂದಿತು. ಗೋಣಿಗಳು ಹೊಗೆಯಾಡಿದವು, ಅದಕ್ಕೆ ಸಾಕ್ಷಿ ಬೇಕಾದರೆ ಸಾಹೇಬರ ಬೋಳುತಲೆಯ ಮೇಲೆ ಗೋಣಿಯ ಹೆಣಿಗೆಯ ಗುರುತು ಇಂದಿಗೂ ಇದೆ. ಖಾಲಿ ತೊಟ್ಟಿಲು ತುದಿಗೆ ಏರಿತು. ಸರಪಳಿ ಕಿರುಗುಟ್ಟಿ ಒಂದು ಮೆಟ್ಟಿಲು ಇಳಿಯಿತು. ಸೊನ್ನೆಯ ಜಾಗ ತುಂಬಿತು, ಒಂದರಲ್ಲಿ ಒಂದು, ಎರಡರಲ್ಲಿ ಎರಡು. ತಪ್ಪಾಗಿ ಎತ್ತಿದ ಎರಡೂ ತೊಟ್ಟಿಲು ಅತ್ತೆಯದಕ್ಕಿಂತ ಕೆಳಗಿನವು; ಅವು ಹೋದದ್ದರಿಂದ ಅವಳಿಗಿಂತ ಮೇಲಿನ ಎಣಿಕೆ ಕದಲಿರಲಿಲ್ಲ. ದಾನಮ್ಮ ಅದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಎಣಿಸಿದಳು. ಎಣಿಸಿದಷ್ಟೂ ಅನುಮಾನ ಹೆಚ್ಚಿತು.

ಕೊನೆಗೆ ಕಣ್ಣು ಮುಚ್ಚಿ ತಾನೇ ಒತ್ತಿದಳು. ಮೇಲೆತ್ತು. ಇಪ್ಪತ್ತನಾಲ್ಕು.

ಕೊಕ್ಕೆ ಇಳಿಯಿತು. ಎಷ್ಟು ಹೊತ್ತು ಇಳಿಯಿತೆಂದರೆ ಕಗ್ಗಲಗಿಯಲ್ಲಿ ಮಕ್ಕಳು ಹುಟ್ಟಿ ಶಾಲೆಗೆ ಸೇರಿದರು. ಎಲ್ಲೋ ಆಳದಲ್ಲಿ ಹಿಡಿದ ಸದ್ದಾಯಿತು. ಮೋಟಾರು ನರಳಿತು, ಸುಟ್ಟ ವಾಸನೆ ಬಂತು, ನಿಂತಿತು. ಮತ್ತೆ ಹೊರಟಿತು. ಬಾವಿಯ ಬಾಯಿಯಲ್ಲಿ ತೊಟ್ಟಿಲಿನ ನೆತ್ತಿ ಕಂಡಿತು. ಬಿಲ್ಲೆ ಆ ಕಡೆ ತಿರುಗಿತ್ತು. ನಿಧಾನವಾಗಿ, ಬೇಕೆಂದೇ ಸತಾಯಿಸುವಂತೆ, ತೊಟ್ಟಿಲು ಈ ಕಡೆ ತಿರುಗಿತು.

ಮುಚ್ಚಳ ತೆರೆದಾಗ ಗುರುಬಸವ್ವನ ತುಟಿ ನೀಲಿಯಾಗಿತ್ತು. ಕೈಯಲ್ಲಿ ಇಳಕಲ್ ಸೀರೆಯ ಅರ್ಧ. ಇನ್ನರ್ಧ ಪಂಕದ ಬಾಯಲ್ಲಿ. ತಂಪು ಕೋಣೆಗೆ ಹೊತ್ತು ತಂದು, ನೀರು ಚಿಮುಕಿಸಿ, ಕೊಳವೆಯಿಂದ ಗಾಳಿ ಕೊಟ್ಟರು. ಮೊದಲು ಎದೆ ಏರಿತು. ಆಮೇಲೆ ಒಂದು ಕಣ್ಣು ತೆರೆಯಿತು. ಆ ಒಂದು ಕಣ್ಣು ಸುತ್ತಲೂ ಹುಡುಕಿ ಸೊಸೆಯ ಮೇಲೆ ಬಂದು ನಿಂತಿತು.

"ಲಾಭ ಕಟ್ಟಿದೇನು?"

"ಕಟ್ಟೀನ್ರಿ ಅತ್ತಿ."

"ಹೂಂ," ಎಂದು ಗುರುಬಸವ್ವ ಕಣ್ಣು ಮುಚ್ಚಿಕೊಂಡಳು.

ಸಂಜೆ ಮನೆಯಲ್ಲಿ ಒಲೆಯ ಮುಂದೆ ದಾನಮ್ಮ ಕೂತಿದ್ದಳು. ಅವಳು ಬಡಿದ ರೊಟ್ಟಿ ಭೂಪಟದ ಆಕಾರಕ್ಕೆ ಬರುತ್ತಿತ್ತು. ಗುರುಬಸವ್ವ ಗೋಡೆಗೊರಗಿ ಅದನ್ನು ನೋಡಿ ಸಂಕಟಪಡುತ್ತಿದ್ದಳು. ಲಾಭ ಇಲ್ಲದ್ದಕ್ಕೆ ಯಾಕೆ ಹೀಗಾಯಿತೆಂದು ಸೊಸೆ ವಿವರಿಸಿದಳು: ಇಬ್ಬರು ಆಳು, ಬರಿ ಅಂಕಿ, ಡಬ್ಬಿ. ಗಂಗವ್ವನ ಸಿಟ್ಟಲ್ಲ ಎಂಬುದನ್ನು ಒತ್ತಿ ಹೇಳಿದಳು.

"ಆತಲ್ಲ," ಎಂದಳು ಅತ್ತೆ. "ಜಾಗಾ ತುಂಬಿರಬೇಕು, ಅಷ್ಟ. ಖಾಲೀನ ಇರಬೇಕಂತ ನಿನ್ನ ಯಂತ್ರಕ್ಕೇನ ಹಟ ಇಲ್ಲಲ್ಲ?"

ದಾನಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. "...ಇಲ್ರಿ."

"ಹಂಗಾದ್ರ ನಮ್ಮ ಇಪ್ಪತ್ತನಾಲ್ಕ ಆ ಬಸರಿ ಹುಡುಗಿಗೆ ಕೊಡು. ಆಕೀ ತೊಟ್ಟಲಾ ತುದಿಗೆ ಕಟ್ಟು. ನಾವ ಅದರಾಗ ಕುಂದರೂಣು. ಆವತ್ತ ಇದನ್ನ ಹೇಳಿದ್ದೆ, ನನ್ನದ ಕೊಡು ಅಂತ. ಕೇಳಿದೇನು?"

"ಗಂಗವ್ವ ಏನರ ಅಂದ್ರ?"

"ಆಕಿಗೂ ಒಬ್ಬಾಕೀನ ಕುಂತ ಬ್ಯಾಸರ ಬಂದಿರತದ. ಇಬ್ಬರೂ ಕೂಡಿ ನಿನ್ನ ಸುದ್ದಿ ಮಾತಾಡತೀವಿ."

ಹಾಗೆಯೇ ಆಯಿತು. ಮರುದಿನ ಮೇಲೆ ಬಂದಿದ್ದ ತೊಟ್ಟಿಲುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು; ಲಕ್ಕವ್ವನ ಮನೆಗೆ ಇಪ್ಪತ್ತನಾಲ್ಕರ ಬಿಲ್ಲೆ, ಇಪ್ಪತ್ತನಾಲ್ಕರ ಜಾಗ. ತುದಿಯ ತೊಟ್ಟಿಲಿಗೆ ಸೊನ್ನೆಯ ಬಿಲ್ಲೆ. ದೇಸಾಯರು ಬಂದು ನೋಡಿ, ಸೊನ್ನೆ ಒಂದಕ್ಕಿಂತ ಕಡಿಮೆಯೆಂದು ಖಾತ್ರಿ ಮಾಡಿಕೊಂಡು, ಮೀಸೆ ಇಳಿಸಿ ಹೋದರು. ಪಾವಟೆ ಸಾಹೇಬರು ಹಳೆಯ ಕನ್ಸೋಲನ್ನು ತಾವೇ ಹೊತ್ತು ತಂದು ಕೂರಿಸಿದರು. ದಾನಮ್ಮ ಇಬ್ಬರು ಆಳುಗಳಿಗೂ ಬೇರೆ ಬೇರೆ ಹೆಸರಿಟ್ಟಳು: ಒಬ್ಬ ಜಾಗ-ಎತ್ತು, ಒಬ್ಬ ಬಿಲ್ಲೆ-ಎತ್ತು. ಇನ್ನು ಕೈ ನೋಡಿ ಆರಿಸುವ ಮಾತಿಲ್ಲ.

ಆದರೂ ಅವಳ ಎದೆಯ ಕೊಕ್ಕೆ ಬಿಡಲಿಲ್ಲ. ಆ ಪ್ರೋಗ್ರಾಮಿನಲ್ಲಿ 'ಇಳಿಸು' ಎಂಬುದೂ ಇತ್ತು, 'ಮುಚ್ಚು' ಎಂಬುದೂ ಇತ್ತು, 'ಗಾಳಿ ಬಿಡು' ಎಂಬುದೂ ಇತ್ತು. ಒಂದೊಂದು ಹೆಸರಿನ ಹಿಂದೆ ಎಷ್ಟೆಷ್ಟು ಆಳುಗಳು ನಿಂತಿದ್ದಾರೋ, ಊರಿನ ಯಾವ ಯಾವ ರೂಢಿ ಅವರನ್ನು ಮಲಗಿಸಿದೆಯೋ, ಇನ್ನೂ ಪೂರ್ತಿ ನೋಡಿ ಮುಗಿಸಿರಲಿಲ್ಲ. ಆದ್ದರಿಂದ ಸರಪಳಿ ಇಳಿದು ನಿಂತೊಡನೆ ಅವಳು ಮೊದಲು ಮಾಡುತ್ತಿದ್ದುದು ಫೋನು.

"ಅತ್ತಿ?"

ಆ ಕಡೆ ಒಂದು ಸದ್ದಿತ್ತು. ಪಂಕದ್ದೋ, ತಂತಿಯದೋ?

"ಅತ್ತಿ, ಕೇಳಸತದೇನ್ರಿ?"

ಉತ್ತರವಿಲ್ಲ. ಮೆಹಬೂಬ ಕೂತಲ್ಲಿಂದ ಎದ್ದು ಕೊಕ್ಕೆಯ ಹಿಡಿಕೆಗೆ ಕೈ ಹಾಕಿದ. ದಾನಮ್ಮ ಪಾವಟೆ ಸಾಹೇಬರ ಕಡೆ ಒಮ್ಮೆ ನೋಡಿದಳು. ಅವರು ಸೌಜನ್ಯದಿಂದ ಕಿಟಕಿಯಾಚೆ ನೋಡತೊಡಗಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ, ಬಹಳ ಮೆಲ್ಲಗೆ ಅಂದಳು:

"ಗುರುಬಸವ್ವಾ."

"ಹಾಂ! ಈಗ ಕರದಿ ನೋಡು," ಎಂದಿತು ಬಾವಿ. "ಅತ್ತಿ ಅಂದ್ರ ಊರಾಗ ಮನಿಗೊಬ್ಬಾಕಿ ಅದಾಳ. ಹೇಳು, ಏನ ಬೇಕಾಗಿತ್ತು?"